ತಟ್ಟೆಯಲ್ಲಿ ಗೆದ್ದ ಬೆಳ್ಳುಳ್ಳಿ ಹೊಂಡದಲ್ಲೂ ಗೆಲ್ಲುತ್ತದಾ?

ಬೆಳ್ಳುಳ್ಳಿ, ತುಳಸಿ, ಅರಿಶಿನದಂಥ ಗಿಡದ ಸಾರಗಳು ಸಾಕುಮೀನಿಗೆ ಕೆಲಸಕ್ಕೆ ಬರುತ್ತವಾ ಅಂತ ನೋಡುತ್ತಿದ್ದೇನೆ. ಈ ಗಾಜಿನ ತಟ್ಟೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ಎಂಬ ಜೆಲ್ಲಿ ಮೇಲೆ ಮಸುಕಾಗಿ ಹರಡಿಕೊಂಡಿರುವುದು ಏರೋಮೊನಾಸ್ ಹೈಡ್ರೋಫಿಲಾ ಎಂಬ ಬ್ಯಾಕ್ಟೀರಿಯಾ. ಮೀನು ಸಾಕುವವರಿಗೆ ಇದರ ಹೆಸರು ಗೊತ್ತಿಲ್ಲದಿದ್ದರೂ ಕೆಲಸ ಗೊತ್ತಿರುತ್ತದೆ: ಮೈಮೇಲೆ ಕೆಂಪು ಕಲೆ, ಕೊಳೆತ ರೆಕ್ಕೆ, ನೀರು ತುಂಬಿ ಊದಿದ ಹೊಟ್ಟೆ. ಇದು ಎಲ್ಲಿಂದಲೋ ಬರುವುದಲ್ಲ, ಹೊಂಡದ ನೀರಿನಲ್ಲಿ ಸುಮ್ನೆ ಇದ್ದೇ ಇರುತ್ತದೆ. ಮರಿ ಜಾಸ್ತಿ ಬಿಟ್ಟು, ಮೋಡದ ದಿನಗಳಲ್ಲಿ ಬೆಳಗಿನ ಜಾವ ಆಮ್ಲಜನಕ ಇಳಿದು, ಬಲೆ ಎಳೆಯುವಾಗ ಮೈ ತರಚಿ ಮೀನು ಸೋತಾಗ ಹಿಡಿದುಕೊಳ್ಳುತ್ತದೆ.

ತಟ್ಟೆಯಲ್ಲಿರುವ ಪುಟ್ಟ ಬಿಲ್ಲೆಗಳು 6 ಮಿಲಿಮೀಟರ್ ಅಗಲದ ಫಿಲ್ಟರ್ ಕಾಗದ. ಒಂದಕ್ಕೆ ಬೆಳ್ಳುಳ್ಳಿ ರಸ, ಒಂದಕ್ಕೆ ತುಳಸಿ ಸಾರ, ಇನ್ನೊಂದಕ್ಕೆ ಬರೀ ಎಥನಾಲ್ (ಆಲ್ಕೋಹಾಲ್). ತುಳಸಿ ಸಾರ ತೆಗೆದಿದ್ದೇ ಎಥನಾಲ್‌ನಲ್ಲಿ. ಹಾಗಾಗಿ ಬ್ಯಾಕ್ಟೀರಿಯಾ ತಡೆದಿದ್ದು ತುಳಸಿಯೋ ಎಥನಾಲೋ ಅಂತ ಗೊತ್ತಾಗಬೇಕಲ್ವಾ? ಬೆಳ್ಳುಳ್ಳಿ ಬಿಲ್ಲೆಯ ಸುತ್ತ ತಿಳಿಯಾದ ಬಳೆ ಕಾಣುತ್ತಿದೆ, ಅಲ್ಲಿ ಏನೂ ಬೆಳೆದಿಲ್ಲ. ಇದು ಬೆಳ್ಳುಳ್ಳಿಯ ಅಲಿಸಿನ್ ಎಂಬ ಅಂಶದ ಕೆಲಸ. ಇಡೀ ಎಸಳಿನಲ್ಲಿ ಅಲಿಸಿನ್ ಹೆಚ್ಚುಕಡಿಮೆ ಇರುವುದೇ ಇಲ್ಲ, ಜಜ್ಜಿದಾಗ ಒಳಗಿನ ಕಿಣ್ವ ಅದನ್ನು ಮಾಡುತ್ತದೆ. ಮೊದಲೇ ಬೇಯಿಸಿದರೆ ಕಿಣ್ವ ಕೆಡುತ್ತದೆ. ಅದಕ್ಕೇ ಬೆಳ್ಳುಳ್ಳಿ ಕಷಾಯ ಕುದಿಸಿ ಹಾಕಿದೆ ಅನ್ನುವವರನ್ನು ಕಂಡರೆ ನನಗೆ ಬೇಜಾರು.

ಅರಿಶಿನದ್ದು ಬೇರೆಯೇ ತಕರಾರು. ಅದರ ಹಳದಿ ಅಂಶವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ ಅಂತಲೇ ಹೇಳಬಹುದು. ನೀರಿಗೆ ಕಲಸಿದರೆ ಬಣ್ಣ ಬರುತ್ತದೆ, ಆಮೇಲೆ ಪುಡಿ ತಳಕ್ಕೆ ಕೂರುತ್ತದೆ. ಎಣ್ಣೆಯಲ್ಲಿ ಕಲಸಿ ಮೇವಿಗೆ ಸವರಬೇಕು.

ಈ ಎರಡನೇ ವಿಡಿಯೋ ತುಣುಕು ನನಗೆ ಇಷ್ಟ. ಕೊಳವೆಯಲ್ಲಿರುವ ಕಡು ನೇರಳೆ ದ್ರಾವಣ ಡಿಪಿಪಿಎಚ್, ಆ್ಯಂಟಿಆಕ್ಸಿಡೆಂಟ್ ಪರೀಕ್ಷೆಗೆ ಬಳಸುವ ರಾಸಾಯನಿಕ. ನೆಲ್ಲಿಕಾಯಿ ಸಾರ ಬಿದ್ದ ಕೂಡಲೇ ಬಣ್ಣ ಹೇಗೆ ಹಳದಿಗೆ ತಿರುಗಿತು ನೋಡಿ. ಅಂದರೆ ಸಾರದಲ್ಲಿ ಆ್ಯಂಟಿಆಕ್ಸಿಡೆಂಟ್ (ಆಮ್ಲಜನಕ ತಾಗಿ ಕೆಡುವುದನ್ನು ತಡೆಯುವ ಅಂಶ) ಚೆನ್ನಾಗಿದೆ. ಆದರೆ ಕೊಳವೆಯಲ್ಲಿ ಬಣ್ಣ ಬದಲಾದ ಮಾತ್ರಕ್ಕೆ ಮೀನಿನ ಪಿತ್ತಜನಕಾಂಗದಲ್ಲೂ ಅದೇ ಆಗುತ್ತದೆ ಅಂತ ಹೇಳಲಾಗದು. ನನಗೆ ಕಣ್ಣಿಗೆ ಕಾಣುವ ಲಾಭ ಮೇವಿನ ಚೀಲದಲ್ಲೇ ಇದೆ. ನಾವು ಕಾಟ್ಲಾ, ರೋಹುಗೆ ಹಾಕುವುದು ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡು. ತೌಡಿನಲ್ಲಿ ಎಣ್ಣೆ ಜಾಸ್ತಿ, ಬೇಗ ಕಮಟು ವಾಸನೆ ಬರುತ್ತದೆ, ಮಳೆಗಾಲದಲ್ಲಂತೂ ಕೇಳಲೇಬೇಡಿ. ಆ ಕಮಟನ್ನು ತಡೆಯುವುದೇ ಆ್ಯಂಟಿಆಕ್ಸಿಡೆಂಟ್ ಕೆಲಸ. ಇದಕ್ಕಾಗಿ ಕಾರ್ಖಾನೆ ಮೇವಿಗೆ ಹಿಂದೆ ಹಾಕುತ್ತಿದ್ದ ಎಥಾಕ್ಸಿಕ್ವಿನ್ ಎಂಬ ರಾಸಾಯನಿಕಕ್ಕೆ ಯುರೋಪಿನಲ್ಲಿ 2017ರಲ್ಲಿ ತಡೆ ಬಿದ್ದಮೇಲೆ ಗಿಡದ ಸಾರಗಳತ್ತ ಎಲ್ಲರ ಗಮನ ಇನ್ನೂ ಹೆಚ್ಚಿತು.

ಅಪ್ಪ ಇದನ್ನೆಲ್ಲ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟೆಲ್ಲ ಯಾಕೆ ಮಗಾ, ಬೇವಿನ ಸೊಪ್ಪು ರುಬ್ಬಿ ಹೊಂಡಕ್ಕೇ ಸುರಿದರೆ ಆಗಲ್ವಾ? ಗಿಡದ್ದೇ ಅಲ್ವಾ, ಏನೂ ಮಾಡಲ್ಲ."

ಮಾಡುತ್ತದೆ ಅಪ್ಪ! ನಮ್ಮ ಮಲೆನಾಡಿನಲ್ಲೇ ಕಾರೆಕಾಯಿ ಜಜ್ಜಿ ಹಳ್ಳಕ್ಕೆ ಹಾಕಿ ಮೀನು ಹಿಡಿಯುತ್ತಿದ್ದರು, ಅದೂ ಗಿಡದ್ದೇ. ಬೇವಿನ ರಸ ನೀರಿಗೆ ಜಾಸ್ತಿ ಬಿದ್ದರೆ ಮೀನಿನ ಕಿವಿರು ಹಾಳಾಗುತ್ತದೆ. ತುಳಸಿಯಲ್ಲಿರುವ ಯೂಜಿನಾಲ್ ಲವಂಗದ ಎಣ್ಣೆಯಲ್ಲೂ ಇದೆ, ಆ ಎಣ್ಣೆಯನ್ನು ಮೀನಿಗೆ ಅರಿವಳಿಕೆಯಾಗಿಯೇ ಬಳಸುತ್ತಾರೆ! ಮೇಲಾಗಿ ಅಷ್ಟು ನೀರಿಗೆ ಸೊಪ್ಪು ಸುರಿದರೆ ಅದು ಕೊಳೆಯುವಾಗ ಇರುವ ಆಮ್ಲಜನಕವೂ ಹೋಗುತ್ತದೆ. ಹಾಗಾಗಿ ನನ್ನ ಪ್ರಕಾರ ಸಾರ ಹೋಗಬೇಕಾದದ್ದು ಮೇವಿಗೆ, ನೀರಿಗಲ್ಲ.

ಇನ್ನೊಂದು ಮಾತು, ಇದನ್ನು ಕೊಡಬೇಕಾದದ್ದು ರೋಗ ಬರುವ ಮೊದಲು. ಹೊಟ್ಟೆ ಊದಿದ ಮೀನು ಮೇವಿನ ಹತ್ತಿರವೇ ಬರುವುದಿಲ್ಲ, ಇನ್ನು ಅರಿಶಿನ ಹೊಟ್ಟೆಗೆ ಹೋಗುವುದು ಹೇಗೆ? ಅಂಥ ಮೀನು ಕಂಡರೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿ. ಅಂಗಡಿಯವರು ಕೊಟ್ಟ ಆ್ಯಂಟಿಬಯಾಟಿಕ್ ಪುಡಿಯನ್ನು ಅಂದಾಜಿನ ಮೇಲೆ ಹಾಕಬೇಡಿ, ಅದರಿಂದ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ನಿಮ್ಮ ಹೊಂಡದಲ್ಲೇ ಹುಟ್ಟಿಕೊಳ್ಳಬಹುದು.

ಈಗ ಕಾಣುತ್ತಿರುವ ಎರಡು ನೈಲಾನ್ ಹಾಪಗಳು (ನೀರಿನೊಳಗೆ ಕಟ್ಟುವ ಬಲೆಯ ತೊಟ್ಟಿಗಳು) ಒಂದೇ ಹೊಂಡದಲ್ಲಿವೆ, ಎರಡಕ್ಕೂ ಒಂದೇ ಅಳತೆಯ ರೋಹು ಮರಿ ಬಿಟ್ಟಿದ್ದೇವೆ. ಎಡಗಡೆಯದಕ್ಕೆ ಎಣ್ಣೆಯಲ್ಲಿ ಕಲಸಿದ ಅರಿಶಿನ ಸವರಿದ ಮೇವು, ಬಲಗಡೆಯದಕ್ಕೆ ಅಷ್ಟೇ ಎಣ್ಣೆ ಸವರಿದ, ಅರಿಶಿನವಿಲ್ಲದ ಮೇವು. ತೂಕದ ದಿನ ತಕ್ಕಡಿಯನ್ನು ಕ್ಯಾಮೆರಾ ಮುಂದೆಯೇ ಇಡುತ್ತೇನೆ, ವ್ಯತ್ಯಾಸ ಏನೂ ಇಲ್ಲದಿದ್ದರೂ ಆ ವಿಡಿಯೋ ಹಾಕುತ್ತೇನೆ.