ಕವಚದ ಹಿಂದಿನ ಬೆಲ್ಟು

ಕೇಳುಗರಿಗೆ ನಮಸ್ಕಾರ. ಬಳ್ಳಾರಿಯಲ್ಲಿ ಹಳೆಯ ಕಾರು ನೋಡಲು ಹೋದವರು ಮೊದಲು ಎಸಿ ಹಾಕಿ ನೋಡುತ್ತಾರೆ. ನಮ್ಮ ಬಿಸಿಲಿಗೆ ಅದು ನ್ಯಾಯವೇ. ಆದರೆ ಎಂಜಿನ್ನಿನಲ್ಲಿರುವುದು ಟೈಮಿಂಗ್ ಬೆಲ್ಟೋ ಚೈನೋ, ಅದನ್ನು ಕೊನೆಯ ಸಲ ಬದಲಿಸಿದ್ದು ಯಾವಾಗ ಎಂದು ಕೇಳುವವರು ಕಡಿಮೆ.

ಎಂಜಿನ್ನಿನ ಕೆಳಭಾಗದಲ್ಲಿ, ಸಿಲಿಂಡರಿನೊಳಗೆ ಏರಿಳಿಯುವ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್, ಮೇಲೆ ಗಾಳಿ ಒಳಬರುವ, ಹೊಗೆ ಹೊರಹೋಗುವ ಬಾಗಿಲುಗಳಾದ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್. ಕೆಳಗಿನದು ಎರಡು ಸುತ್ತು ತಿರುಗಿದರೆ ಮೇಲಿನದು ಸರಿಯಾಗಿ ಒಂದು ಸುತ್ತು ತಿರುಗಬೇಕು. ಎರಡನ್ನೂ ಜೋಡಿಸಿ ಈ ಲೆಕ್ಕ ತಪ್ಪದಂತೆ ಕಾಯುವುದೇ ಹಲ್ಲುಳ್ಳ ರಬ್ಬರ್ ಬೆಲ್ಟು ಅಥವಾ ಲೋಹದ ಚೈನಿನ ಕೆಲಸ. ಎಂಜಿನ್ ನಿಮಿಷಕ್ಕೆ 3000 ಸುತ್ತು ಓಡುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಆ ಹೊತ್ತಿನಲ್ಲಿ ಬೆಲ್ಟು ತುಂಡಾದರೆ ಕ್ಯಾಮ್‌ಶಾಫ್ಟ್ ನಿಂತುಬಿಡುತ್ತದೆ, ಪಿಸ್ಟನ್ ಮಾತ್ರ ಮೇಲೇರುತ್ತಲೇ ಇರುತ್ತದೆ. ಡೀಸೆಲ್ ಎಂಜಿನ್ನುಗಳಲ್ಲಿ, ಅನೇಕ ಪೆಟ್ರೋಲ್ ಎಂಜಿನ್ನುಗಳಲ್ಲೂ, ತೆರೆದೇ ಉಳಿದ ವಾಲ್ವಿಗೆ ಪಿಸ್ಟನ್ ಬಡಿದು ವಾಲ್ವು ಬಾಗುತ್ತದೆ. ಓಡುತ್ತಿದ್ದ ಗಾಡಿ ಹೀಗೆ ತಟ್ಟನೆ ನಿಂತರೆ ದಯವಿಟ್ಟು ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ, ತಳ್ಳಿಸಿ ಸ್ಟಾರ್ಟ್ ಮಾಡಲೂ ಹೋಗಬೇಡಿ. ಉಳಿದಿರುವ ವಾಲ್ವುಗಳೂ ಕೈಬಿಟ್ಟಾವು.

ಹಳೆಯ ಮಾರುತಿ 800, ರೆನೋ ಡಸ್ಟರ್‌ನ 1.5 ಡೀಸೆಲ್, ಇವಕ್ಕೆ ಬೆಲ್ಟು. ಸ್ವಿಫ್ಟ್‌ನ 1.3 ಡೀಸೆಲ್ ಎಂಜಿನ್ನಿಗೆ ಚೈನು. ನಿಮ್ಮ ಗಾಡಿಯ ಬೆಲ್ಟನ್ನು ಯಾವಾಗ ಬದಲಿಸಬೇಕು ಎಂಬುದು ಅದರ ಕೈಪಿಡಿಯಲ್ಲಿದೆ: ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು. ಜನ ಕಿಲೋಮೀಟರನ್ನಷ್ಟೇ ನೋಡುತ್ತಾರೆ. ನನಗೆ ಚಿಂತೆ ಇರುವುದು ಇಲ್ಲಿಯೇ. ಮೇ ತಿಂಗಳ ಮಧ್ಯಾಹ್ನ ಮದುವೆ ಮಂಟಪದ ಮುಂದೆ ಎಸಿ ಹಾಕಿಕೊಂಡು ಒಂದು ತಾಸು ಎಂಜಿನ್ ಓಡಿಸಿದರೆ ಮೀಟರಿನಲ್ಲಿ ಒಂದು ಅಂಕಿಯೂ ಏರುವುದಿಲ್ಲ, ಬೆಲ್ಟು ಮಾತ್ರ ಬಿಸಿಯಲ್ಲಿ ಸುತ್ತುತ್ತಲೇ ಇರುತ್ತದೆ. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿಗಳ ಹಿಂದೆ ದಿನವೂ ಓಡುವ ಗಾಡಿಗೆ ಕೆಂಧೂಳು ಬೇರೆ. ಕೈಪಿಡಿಯಲ್ಲಿ ಕಠಿಣ ಬಳಕೆಗೆಂದು ಬೇರೆ ಅವಧಿ ಕೊಟ್ಟಿದ್ದರೆ ನಮ್ಮ ಜಿಲ್ಲೆಯವರು ಅದನ್ನೇ ಹಿಡಿಯಬೇಕು.

ಬೆಲ್ಟಿನ ಮೇಲಿನ ಕವಚ ಬಿಚ್ಚಿಸಿದಾಗ ನೀವೂ ಬಗ್ಗಿ ನೋಡಿ. ಹಲ್ಲುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕು, ಅಂಚಿನಲ್ಲಿ ಎದ್ದ ನೂಲು, ಆಯಿಲ್ ಸೀಲ್ ಸೋರಿ ಒದ್ದೆಯಾದ ಜಾಗ, ಇವುಗಳಲ್ಲಿ ಒಂದು ಕಂಡರೂ ಆ ಬೆಲ್ಟಿನ ಕಥೆ ಮುಗಿಯಿತು. ಏನೂ ಕಾಣಲಿಲ್ಲವೆಂದು ಅವಧಿ ಮುಗಿದ ಬೆಲ್ಟನ್ನು ಮತ್ತೆ ಕೂಡಿಸಬೇಡಿ, ಏಕೆಂದರೆ ಒಳಗಿನ ಎಳೆಗಳು ಕಣ್ಣಿಗೆ ಬೀಳುವುದಿಲ್ಲ. ಜೊತೆಗೆ ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್, ಅದನ್ನು ದಾರಿಯಲ್ಲಿಡುವ ಐಡ್ಲರ್ ಬೇರಿಂಗ್, ಅದೇ ಬೆಲ್ಟಿನಿಂದ ತಿರುಗುವುದಾದರೆ ವಾಟರ್ ಪಂಪ್ ಕೂಡ ಬದಲಾಗಲಿ. ಪಂಪಿನ ಬೇರಿಂಗ್ ಬಿಗಿದು ನಿಂತರೆ ಹೊಸ ಬೆಲ್ಟೂ ಉಳಿಯುವುದಿಲ್ಲ. ಬಿಚ್ಚುವ ಕೂಲಿಯಂತೂ ಒಂದೇ.

ಚೈನಿಗೆ ಬದಲಿಸುವ ಅವಧಿ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಅದು ಬದುಕುವುದು ಎಂಜಿನ್ ಆಯಿಲ್‌ನಲ್ಲಿ. ಅನೇಕ ಎಂಜಿನ್ನುಗಳಲ್ಲಿ ಟೆನ್ಷನರ್ ಚೈನನ್ನು ಬಿಗಿ ಹಿಡಿಯುವುದೂ ಆಯಿಲ್ ಒತ್ತಡದಿಂದಲೇ. ಆಯಿಲ್ ಬದಲಿಸುವುದನ್ನು ಮುಂದೂಡುತ್ತಾ ಹೋದರೆ ಕೊಂಡಿಗಳನ್ನು ಜೋಡಿಸುವ ಪಿನ್ನುಗಳು ಸವೆದು ಚೈನು ಉದ್ದವಾಗುತ್ತದೆ. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಕೆಲವು ಸೆಕೆಂಡು ಗಲಗಲ ಸದ್ದು ಬಂದರೆ ಅದೇ ವಾರ ಮೆಕ್ಯಾನಿಕ್‌ಗೆ ಕೇಳಿಸಿ. ರಾತ್ರಿಯೇ ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟರೆ ಬೆಳಿಗ್ಗೆ ಅವರಿಗೂ ಆ ಸದ್ದು ಸಿಗುತ್ತದೆ, ಬಿಸಿ ಎಂಜಿನ್ನಿನಲ್ಲಿ ಅದು ಅಡಗಿಬಿಡಬಹುದು.

ಹಳೆಯ ಕಾರಿಗೆ ಬೆಲ್ಟು ಬದಲಿಸಿದ ಬಿಲ್ ಇಲ್ಲದಿದ್ದರೆ, ಬದಲಿಸಿಯೇ ಇಲ್ಲ ಎಂದು ತಿಳಿದು ಆ ಖರ್ಚನ್ನು ಕಳೆದು ಬೆಲೆ ಮಾತಾಡಿ. ಹೊಸದು ಹಾಕಿಸಿದ ದಿನವೇ ತಾರೀಖು ಮತ್ತು ಕಿಲೋಮೀಟರ್ ಬರೆದ ಚೀಟಿಯನ್ನು ಬಾನೆಟ್ಟಿನ ಒಳಬದಿಗೆ ಅಂಟಿಸಿಕೊಳ್ಳಿ. ನಮಸ್ಕಾರ.