ಎರಡೂ ಹೆಡ್‌ಲೈಟ್ ಉರಿಯುತ್ತಿದ್ದರೂ ಆರದ ಹಳದಿ ಚಿಹ್ನೆ

ನಮಸ್ಕಾರ. ಪರದೆಯ ಮೇಲೆ ಈಗ ಕಾಣುತ್ತಿರುವುದು ನನ್ನ ಕಾರಿನ ಡ್ಯಾಶ್‌ಬೋರ್ಡ್. ಸ್ಪೀಡೋಮೀಟರಿನ ಪಕ್ಕದಲ್ಲಿ ಬಲ್ಬಿನ ಆಕಾರದ ಹಳದಿ ಚಿಹ್ನೆ ಹೊತ್ತಿಕೊಂಡಿದೆ, ಹೆಡ್‌ಲೈಟ್ ಪರೀಕ್ಷಿಸಿ ಎಂಬ ಸೂಚನೆಯೂ ಬಂದಿದೆ. ಆದರೆ ಕ್ಯಾಮೆರಾವನ್ನು ಹೊರಗೆ ತಂದರೆ ಎರಡೂ ಹೆಡ್‌ಲೈಟುಗಳು ಎದುರಿನ ಚಿರೇಕಲ್ಲಿನ ಗೋಡೆಯ ಮೇಲೆ ಹಾಲು ಚೆಲ್ಲಿದಂತೆ ಬೆಳಗುತ್ತಿವೆ. ಕಾದ ತಂತುವಿನ ಬದಲು ಅನಿಲದೊಳಗಿನ ಕಿಡಿಯಿಂದ ಬೆಳಗುವ ಝೆನಾನ್ ಹೆಡ್‌ಲೈಟ್ ಹಾಕಿಸಿದ ದಿನದಿಂದ ಈ ಚಿಹ್ನೆ ನನ್ನ ಬೆನ್ನು ಬಿದ್ದಿತ್ತು. ಅದನ್ನು ಹೇಗೆ ಬಗೆಹರಿಸಿದೆ, ಅದಕ್ಕೂ ಮೊದಲು ಹೇಗೆ ಕೆಡಿಸಿಕೊಂಡೆ ಎಂಬುದೇ ಇಂದಿನ ವಿಷಯ.

ನನ್ನ ಕೆಲಸ ಕಾರವಾರದಲ್ಲಿ, ಮನೆ ಶಿರಸಿಯಲ್ಲಿ. ಶನಿವಾರ ಸಂಜೆ ಹೊರಟರೆ ಅಂಕೋಲಾ ದಾಟಿ ಕುಮಟಾದವರೆಗೆ ರಾಷ್ಟ್ರೀಯ ಹೆದ್ದಾರಿ 66, ಅಲ್ಲಿಂದ ಮೇಲಕ್ಕೆ ದೇವಿಮನೆ ಘಟ್ಟ. ಮಳೆಗಾಲದಲ್ಲಿ ಆ ಘಟ್ಟದ ತಿರುವುಗಳಲ್ಲಿ ಹಳೆಯ 55 ವ್ಯಾಟಿನ ಹಾಲೊಜನ್ ಬಲ್ಬಿನ ಬೆಳಕು ಒದ್ದೆ ಡಾಂಬರಿಗೆ ಬಿದ್ದು ಅಲ್ಲಿಯೇ ಇಂಗಿ ಹೋಗುತ್ತಿತ್ತು. ಆದ್ದರಿಂದ ಇದೇ ಮಾದರಿಯ ಮೇಲ್ದರ್ಜೆಯ ಕಾರಿಗೆ ಬರುವ, ಬೆಳಕನ್ನು ಮಸೂರದಿಂದ ರಸ್ತೆಗೆ ಕೂಡಿಸುವ ಪ್ರೊಜೆಕ್ಟರ್ ಇರುವ ಝೆನಾನ್ ಹೆಡ್‌ಲೈಟುಗಳನ್ನೇ ಇಡಿಯಾಗಿ ತರಿಸಿ ಕೂರಿಸಿದೆ. ಹಾಲೊಜನ್‌ಗೆಂದು ಮಾಡಿದ ರಿಫ್ಲೆಕ್ಟರಿನೊಳಗೆ ಬರೀ ಝೆನಾನ್ ಬಲ್ಬನ್ನು ತುರುಕುವವರಿದ್ದಾರೆ. ಎದುರಿನಿಂದ ಬರುವವನ ಕಣ್ಣಿಗೆ ಅದೊಂದು ಶಿಕ್ಷೆ. ವಾಹನದ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಕಟ್ಟುಪಾಡೂ ಇದೆ. ಕೈ ಹಾಕುವ ಮುನ್ನ ಆರ್‌ಟಿಓದಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಈಗ ಚಿಹ್ನೆಯ ಮಾತಿಗೆ ಬರೋಣ. ಹೆಡ್‌ಲೈಟ್ ಬೆಳಗುತ್ತಿದೆಯೇ ಎಂದು ನೋಡುವ ಕಣ್ಣು ಕಾರಿಗೆ ಇಲ್ಲ. ದೀಪಗಳನ್ನು ನಿಯಂತ್ರಿಸುವ ಮಾಡ್ಯೂಲ್ ಅಳೆಯುವುದು ಆ ತಂತಿಯಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ ಎಂಬುದನ್ನು ಮಾತ್ರ. ಹಾಲೊಜನ್ ಬಲ್ಬ್ ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. 35 ವ್ಯಾಟಿನ ಝೆನಾನ್ ಒಮ್ಮೆ ಸ್ಥಿರವಾದ ಮೇಲೆ ಸುಮಾರು ಮೂರರಲ್ಲೇ ನಿಲ್ಲುತ್ತದೆ. ಅಷ್ಟು ಕಡಿಮೆ ಕರೆಂಟ್ ಕಂಡ ಮಾಡ್ಯೂಲ್, ಬಲ್ಬ್ ಹೋಗಿದೆ ಎಂದು ತೀರ್ಮಾನಿಸುತ್ತದೆ. ಇದು ಉರಿಯುವಾಗಿನ ಪರೀಕ್ಷೆ. ಹೆಡ್‌ಲೈಟ್ ಆರಿರುವಾಗಲೂ ಅತಿ ಚಿಕ್ಕ ಮಿಡಿತಗಳನ್ನು ಕಳಿಸಿ ಬಲ್ಬಿನೊಳಗೆ ಕಾದು ಬೆಳಗುವ ತಂತು ಇದೆಯೇ ಎಂದು ತಡವಿ ನೋಡುವ ಇನ್ನೊಂದು ಪರೀಕ್ಷೆಯೂ ಹಲವು ಯುರೋಪಿಯನ್ ಕಾರುಗಳಲ್ಲಿದೆ. ಝೆನಾನ್‌ನಲ್ಲಿ ತಂತುವೇ ಇಲ್ಲ. ಅಲ್ಲಿರುವುದು ಬ್ಯಾಲಾಸ್ಟ್ ಎಂಬ ಪೆಟ್ಟಿಗೆ, ಅದು ಇಪ್ಪತ್ತು ಸಾವಿರಕ್ಕೂ ಹೆಚ್ಚು ವೋಲ್ಟಿನ ಕಿಡಿ ಹಾರಿಸಿ ಅನಿಲವನ್ನು ಹೊತ್ತಿಸುತ್ತದೆ. ಇಂಥದ್ದನ್ನು ತಡವಿದರೆ ಮಾಡ್ಯೂಲಿಗೆ ಸರಿಯಾದ ಉತ್ತರ ಸಿಗುವುದು ಹೇಗೆ?

ನಾನು ಮೊದಲು ಹಿಡಿದದ್ದು ಅಡ್ಡದಾರಿ. ಆರು ಓಮ್, 50 ವ್ಯಾಟಿನ ರೆಸಿಸ್ಟರುಗಳನ್ನು, ಅಂದರೆ ಕರೆಂಟ್ ಎಳೆದು ಬರೀ ಶಾಖ ಮಾಡುವ ತುಂಡುಗಳನ್ನು, ಎರಡೂ ಕಡೆ ಹೆಡ್‌ಲೈಟಿಗೆ ಸಮಾನಾಂತರವಾಗಿ ಜೋಡಿಸಿದೆ. ಅದು ತನ್ನ ಪಾಲಿಗೆ ಎರಡು ಆಂಪಿಯರ್‌ಗೂ ಮಿಕ್ಕಿ ಎಳೆದು ಲೆಕ್ಕ ತುಂಬಿಸಿತು, ಚಿಹ್ನೆ ಆರಿತು, ನಾನು ಬೀಗಿದೆ. ಎರಡು ವಾರಗಳ ಬಳಿಕ ಬಾನೆಟ್ ಎತ್ತಿದಾಗ ಕಂಡದ್ದು ಇದು: ಚಿನ್ನದ ಬಣ್ಣದ ಆ ಲೋಹದ ತುಂಡಿಗೆ ತಾಗಿಕೊಂಡಿದ್ದ ವಯರಿಂಗಿನ ಕಪ್ಪು ಕೊಳವೆ ಬೆಲ್ಲದ ಪಾಕದಂತೆ ಕರಗಿ, ಅದರ ಮೈಗೆ ಅಂಟಿ, ಒಳಗಿನ ಕೆಂಪು ತಂತಿ ಇಣುಕುತ್ತಿತ್ತು. ಎಂಜಿನ್ ಓಡುವಾಗ ಆ ರೆಸಿಸ್ಟರ್ ಸುಮ್ಮನೆ 30 ವ್ಯಾಟಿಗೂ ಹೆಚ್ಚು ಶಾಖ ಕಾರುತ್ತಿರುತ್ತದೆ. ಅಂದರೆ 35 ವ್ಯಾಟಿನ ಹೆಡ್‌ಲೈಟಿಗೆ ಅಷ್ಟೇ ದೊಡ್ಡ ಒಲೆಯೊಂದನ್ನು ಜೊತೆಗೆ ಕಟ್ಟಿ, ಹಾಲೊಜನ್‌ಗಿಂತ ಹೆಚ್ಚು ವಿದ್ಯುತ್ ಸುಡುತ್ತಿದ್ದೆ. ಹಾಕಲೇಬೇಕೆಂದಿದ್ದರೆ ಬರಿಯ ಲೋಹದ ತಗಡಿಗೆ, ಪ್ಲಾಸ್ಟಿಕ್ಕಿನಿಂದ ದೂರದಲ್ಲಿ, ಸ್ಕ್ರೂ ಬಿಗಿದು ಹಾಕಬೇಕು. ನಾನು ಎರಡನ್ನೂ ಕಿತ್ತು ಹಾಕಿದೆ.

ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟಿನ ಸ್ವಿಚ್ ಒತ್ತುವ ರಿಲೇ ಹಾಕಿ, ಬ್ಯಾಟರಿಯಿಂದ ನೇರ ಕರೆಂಟ್ ತರುವ ವಯರಿಂಗನ್ನೂ ಕೆಲವರು ಸೂಚಿಸಿದರು. ಹೆಡ್‌ಲೈಟಿಗೆ ಅದು ಒಳ್ಳೆಯದೇ, ಆದರೆ ಆಗ ಮಾಡ್ಯೂಲಿಗೆ ಕಾಣುವುದು ರಿಲೇ ಸುರುಳಿಯ ಅತ್ಯಲ್ಪ ಕರೆಂಟ್ ಮಾತ್ರ. ಚಿಹ್ನೆ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ.

ಸರಿಯಾದ ದಾರಿಯೆಂದರೆ ಕಾರಿಗೆ ನಿಜ ಹೇಳುವುದು. ಸ್ಟೀರಿಂಗಿನ ಕೆಳಗಿರುವ, ಕಾರಿನ ದೋಷ ಪತ್ತೆಗೆಂದು ಇಟ್ಟ ಓಬಿಡಿ ಸಾಕೆಟ್ಟಿಗೆ ಕೇಬಲ್ ಚುಚ್ಚಿ, ಲ್ಯಾಪ್‌ಟಾಪಿನಲ್ಲಿ ದೀಪಗಳ ಮಾಡ್ಯೂಲಿನ ಕೋಡಿಂಗ್, ಅಂದರೆ ಅದರ ಒಳಗಿನ ಸೆಟ್ಟಿಂಗ್, ತೆರೆದು, ಮೊದಲಿದ್ದ ಕೋಡನ್ನು ಕಾಗದದಲ್ಲಿ ಬರೆದಿಟ್ಟುಕೊಂಡು, ಹಾಲೊಜನ್ ಎಂದಿದ್ದುದನ್ನು ಝೆನಾನ್ ಎಂದು ಬದಲಾಯಿಸಿದೆ. ಇದರಿಂದ ಎರಡು ಕೆಲಸಗಳಾದವು. ಕರೆಂಟಿನ ಮಿತಿ ಝೆನಾನ್‌ಗೆ ತಕ್ಕಂತೆ ಇಳಿಯಿತು. ಜೊತೆಗೆ, ಹಾಲೊಜನ್ ಬಲ್ಬಿನ ಆಯುಷ್ಯ ಉಳಿಸಲೆಂದು ಮಾಡ್ಯೂಲ್ ಕರೆಂಟನ್ನು ತುಂಡು ತುಂಡಾಗಿ ಕಳಿಸುತ್ತಿದ್ದುದೂ ನಿಂತಿತು. ಬ್ಯಾಲಾಸ್ಟಿಗೆ ಆ ತುಂಡು ಕರೆಂಟ್ ಹಿಡಿಸುವುದಿಲ್ಲ. ಎಚ್ಚರಿಕೆಯನ್ನೇ ಪೂರ್ತಿ ಬಂದ್ ಮಾಡುವ ಆಯ್ಕೆ ಪಕ್ಕದಲ್ಲೇ ಇತ್ತು, ನಾನು ಅದನ್ನು ಮುಟ್ಟಲಿಲ್ಲ.

ಬಲಗಡೆಯ ತಕರಾರು ಅಲ್ಲಿಗೆ ಮುಗಿಯಿತು. ಎಡಗಡೆಯದು ಮಾತ್ರ ಕೆಲವು ಬೆಳಗಿನ ಜಾವಗಳಲ್ಲಿ ಮತ್ತೆ ಬರುತ್ತಿತ್ತು, ಹೆಡ್‌ಲೈಟೂ ಹೊತ್ತಿಕೊಳ್ಳುವಾಗ ಒಮ್ಮೆ ಮಿಣುಕುತ್ತಿತ್ತು. ಕೋಡಿಂಗಿನಲ್ಲೇ ತಪ್ಪಿದೆ ಎಂದು ನಾನು ವಾದಿಸುತ್ತಿದ್ದಾಗ ಶಿರಸಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ನಗುತ್ತಾ ಹೇಳಿದರು: "ಅರ್ಥಿಂಗ್ ನೋಡುವ ಸರ್ ಮೊದಲು. ಕಾರವಾರದಲ್ಲಿ ನಿಲ್ಲಿಸೋ ಗಾಡಿಗೆ ತುಕ್ಕು ಹಿಡೀದೇ ಬಿಡ್ತದಾ?"

ಅರ್ಥಿಂಗ್ ಎಂದರೆ ಕರೆಂಟ್ ಕಾರಿನ ಲೋಹದ ಮೈಯ ಮೂಲಕ ಬ್ಯಾಟರಿಗೆ ಮರಳುವ ದಾರಿ. ಹೆಡ್‌ಲೈಟ್ ಉರಿಯುತ್ತಿರುವಾಗಲೇ ಮಲ್ಟಿಮೀಟರಿನ ಒಂದು ಮೊನೆಯನ್ನು ಹೆಡ್‌ಲೈಟಿನ ಅರ್ಥ್ ತಂತಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೂ ಇಟ್ಟರು. ಹತ್ತನೇ ಒಂದು ವೋಲ್ಟಿನೊಳಗೆ ಇರಬೇಕಾದ್ದು 1.1 ವೋಲ್ಟ್ ತೋರಿಸಿತು. ಸ್ಥಿರವಾಗಿ ಉರಿಯುವ ಮೂರು ಆಂಪಿಯರಿಗೇ ಅಷ್ಟು ನಷ್ಟವಾದರೆ, ಹೊತ್ತಿಕೊಳ್ಳುವ ಕ್ಷಣದಲ್ಲಿ ಬ್ಯಾಲಾಸ್ಟ್ ಅದರ ಎರಡು ಮೂರು ಪಟ್ಟು ಎಳೆಯುತ್ತದೆ. ಆಗ ವೋಲ್ಟೇಜ್ ಕುಸಿದು, ಬ್ಯಾಲಾಸ್ಟ್ ನಿಂತು, ಮತ್ತೆ ಪ್ರಯತ್ನಿಸುತ್ತದೆ. ಮಾಡ್ಯೂಲ್ ಅದನ್ನು ಕಂಡೇ ದೂರುತ್ತಿತ್ತು. ಎಡ ಫೆಂಡರಿನ ಒಳಗೆ ಅರ್ಥ್ ತಂತಿಯ ತುದಿಯ ರಿಂಗನ್ನು ಹಿಡಿದಿದ್ದ ಬೋಲ್ಟ್ ಬಿಚ್ಚಿದಾಗ ಅದರ ಅಡಿಯಲ್ಲಿ ಉಪ್ಪುಗಾಳಿ ಕೂಡಿಸಿಟ್ಟ ಹಸಿರು ಬಿಳುಪಿನ ಹಿಟ್ಟು ಉದುರಿತು. ಉಪ್ಪುಕಾಗದದಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ರಿಂಗ್ ಹಾಕಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಮೆತ್ತಿದ ಬಳಿಕ ಮೀಟರ್ 0.05ಕ್ಕೆ ಇಳಿಯಿತು. ರೆಸಿಸ್ಟರ್ ಇದ್ದ ಎರಡು ವಾರ ಈ ಬೋಲ್ಟಿನ ದೂರು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಕೊನೆಗೆ ಗೋಡೆಯೆದುರು ಕಾರು ನಿಲ್ಲಿಸಿ ಬೆಳಕಿನ ಎತ್ತರ ಸರಿಪಡಿಸಿದೆವು. ಹೊರಡುವ ಮುನ್ನ ಬೇಕೆಂದೇ ಬಲಗಡೆಯ ಹೆಡ್‌ಲೈಟಿನ ಫ್ಯೂಸ್ ಕಿತ್ತೆ. ಒಂದೆರಡು ಸೆಕೆಂಡಿನಲ್ಲಿ ಹಳದಿ ಚಿಹ್ನೆ ಬಂತು. ಫ್ಯೂಸ್ ಮತ್ತೆ ಹಾಕಿದೆ, ಚಿಹ್ನೆ ಹೋಯಿತು. ಆ ರಾತ್ರಿಯೇ ದೇವಿಮನೆ ಘಟ್ಟ ಇಳಿದೆ.