ನೀರುಳ್ಳಿ ಕೊಳೆಸುವ ಬ್ಯಾಕ್ಟೀರಿಯಾ ಮನುಷ್ಯನ ಮೈಯಲ್ಲಿ ಹೇಗೆ ಬಚಾವಾಗ್ತದೆ

ಕೇಳುಗರಿಗೆಲ್ಲ ನಮಸ್ಕಾರ. ಆಟಿ ತಿಂಗಳ ಮಳೆಯಲ್ಲಿ ನೀರುಳ್ಳಿ ಕೊಯ್ಯುವಾಗ ನೀವೂ ನೋಡಿರ್ತೀರಿ, ಹೊರಗಿನ ಸಿಪ್ಪೆ ಗರಿಗರಿ ಉಂಟು, ಒಳಗೆ ಒಂದೆರಡು ಪದರ ಮಾತ್ರ ಹಳದಿಯಾಗಿ ಲೋಳೆ ಲೋಳೆ, ಮೂಗಿಗೆ ಹುಳಿ ವಾಸನೆ. ಹೀಗೆ ಕೊಳೆಸುವ ಒಂದು ಬ್ಯಾಕ್ಟೀರಿಯಾದ ಬಗ್ಗೆ 1950ರಲ್ಲಿ ಅಮೆರಿಕದ ವಾಲ್ಟರ್ ಬರ್ಕ್‌ಹೋಲ್ಡರ್ ಬರೆದ್ರು, ಈಗ ಅದಕ್ಕೆ ಅವರದ್ದೇ ಹೆಸರು, ಬರ್ಕ್‌ಹೋಲ್ಡೇರಿಯಾ ಸೆಪೇಸಿಯಾ. ಸೆಪಾ ಅಂದ್ರೆ ಲ್ಯಾಟಿನ್‌ನಲ್ಲಿ ನೀರುಳ್ಳಿ. ಆಮೇಲೆ ನೋಡಿದ್ರೆ ಸಿಸ್ಟಿಕ್ ಫೈಬ್ರೋಸಿಸ್ ಅಂತ ಹುಟ್ಟಿನಿಂದಲೇ ಕಾಯಿಲೆ ಇರುವವರ ಶ್ವಾಸಕೋಶದಲ್ಲಿಯೂ ಇದೇ ಬಳಗ ಕೂತಿದೆ! ಹಾಗಂತ ನೀರುಳ್ಳಿ ಬಿಡಬೇಡಿ ಮಾರಾಯ್ರೆ, ಆರೋಗ್ಯವಂತರಿಗೆ ಇದ್ರಿಂದ ಸಾಮಾನ್ಯವಾಗಿ ಎಂತದೂ ಆಗೋದಿಲ್ಲ.

ಗಿಡದ ಶತ್ರುವಿಗೆ ನಮ್ಮ ಮೈಯಲ್ಲಿ ಎಂತ ಕೆಲಸ ಅಂತ ಕೇಳಬಹುದು. ವಿಷಯ ಏನಂದ್ರೆ, ಕಾವಲು ಎರಡೂ ಕಡೆ ಸುಮಾರು ಒಂದೇ ತರ. ಈಜುವ ಬ್ಯಾಕ್ಟೀರಿಯಾಗಳಿಗೆ ಒಂದು ಬಾಲ ಇರ್ತದೆ, ಆ ಬಾಲ ಫ್ಲ್ಯಾಜೆಲಿನ್ ಎಂಬ ಪ್ರೋಟೀನಿನದ್ದು, ಅದರ ಚೂರು ಉದುರಿದ್ರೆ ಸಾಕು ಗಿಡದ ಜೀವಕೋಶವೂ ಎಚ್ಚರ ಆಗ್ತದೆ, ನಮ್ಮದೂ ಎಚ್ಚರ ಆಗ್ತದೆ. ಸ್ಯೂಡೊಮೊನಾಸ್ ಏರುಜಿನೋಸಾ ಅಂತ ಇನ್ನೊಂದುಂಟು, ಗಿಡಕ್ಕೂ ಹತ್ತುತ್ತದೆ, ಆಸ್ಪತ್ರೆಯಲ್ಲಿ ಸುಟ್ಟ ಗಾಯಕ್ಕೂ ಹತ್ತುತ್ತದೆ, ಅದು ಒಂದು ಕಿಣ್ವ ಬಿಟ್ಟು ಆ ಉದುರಿದ ಚೂರುಗಳನ್ನೇ ತುಂಡು ತುಂಡು ಮಾಡಿಬಿಡ್ತದೆ. ಬಾಲ ಮಾತ್ರ ಹಾಗೇ ಇರ್ತದೆ, ಈಜಲಿಕ್ಕೆ ಬೇಕಲ್ಲ. ಜಗಲಿ ಮೇಲಿನ ಕೆಸರು ಕಾಲಿನ ಗುರುತು ಒರೆಸಿಕೊಂಡೇ ಒಳಗೆ ಬರುವ ಕಳ್ಳನ ಹಾಗೆ.

ನಮ್ಮ ಉಡುಪಿ, ಮಂಗಳೂರು ಕಡೆಯವರಿಗೆ ಹತ್ತಿರದ್ದು ಆ ನೀರುಳ್ಳಿ ಬ್ಯಾಕ್ಟೀರಿಯಾದ ಬಳಗದ್ದೇ ಇನ್ನೊಂದು, ಮೆಲಿಯಾಯ್ಡೋಸಿಸ್ ಅಂತ ಜ್ವರದ ಕಾಯಿಲೆ ತರುವಂಥದ್ದು. 1912ರಲ್ಲಿ ರಂಗೂನಿನಿಂದ ಮೊದಲ ವರದಿ ಆದದ್ದು, ಮಣ್ಣು, ನೀರಿನಲ್ಲಿ ಇರ್ತದೆ, ಲ್ಯಾಬಿನಲ್ಲಿ ಟೊಮೆಟೊ ಗಿಡಕ್ಕೂ ರೋಗ ಹತ್ತಿಸಿದೆ. ಬಿಳಿ ರಕ್ತಕಣ ನುಂಗಿದ್ರೂ ಅದು ಸಾಯೋದಿಲ್ಲ, ನುಂಗಿದ ಚೀಲ ಒಡೆದು ಹೊರಗೆ ಬರ್ತದೆ, ಆ ಕಣದ್ದೇ ಪ್ರೋಟೀನಿನಿಂದ ಹಿಂದೆ ಬಾಲ ಕಟ್ಟಿಸಿಕೊಂಡು ಪಕ್ಕದ ಕಣಕ್ಕೆ ನುಗ್ಗಿ ಎರಡನ್ನೂ ಬೆಸೆದುಬಿಡ್ತದೆ, ಹೀಗೆ ಕಣದಿಂದ ಕಣಕ್ಕೆ ಒಳಗಿಂದೊಳಗೇ ಹೋದದ್ದಕ್ಕೆ ಆಂಟಿಬಾಡಿಗಳ ಕೈಗೆ ಸಿಗೋದು ಹೇಗೆ? ಶುಗರ್ ಇದ್ದವರಿಗೆ ಅಪಾಯ ಜಾಸ್ತಿ. ನನ್ನ ಪರಿಚಯದ ಡಾಕ್ಟರೊಬ್ಬರು ಮಳೆಗಾಲದಲ್ಲಿ ಬಿಡದ ಜ್ವರ ಅಂತ ಯಾರೇ ಬಂದ್ರೂ ಮೊದಲು ಎರಡೇ ಪ್ರಶ್ನೆ ಕೇಳ್ತಾರೆ, ಶುಗರ್ ಉಂಟಾ, ನೇಜಿ ನೆಡ್ಲಿಕ್ಕೆ ಗದ್ದೆಗೆ ಇಳಿದಿದ್ರಾ.